ಮಂಗಳವಾರ ಬಾವಿಗೆ ಬಿದ್ದ ಚೊಂಬು

ಒಂದು ಊರು. ಊರಿಗೊಂದು ಬಾವಿ. ಬಾವಿ ಪಕ್ಕ ಒಂದು ಮನೆ. ಮನೆಯಲ್ಲಿ ಒಬ್ಬಳು ಅಜ್ಜಿ. ಅಜ್ಜಿಗೊಬ್ಬಳು ಮೊಮ್ಮಗಳು. ಅಜ್ಜಿಗೊಂದು ಚೊಂಬು.

ಮೊಮ್ಮಗಳ ಹೆಸರು ಚೆಲುವಿ. ಚೊಂಬಿಗೆ ಹೆಸರಿಲ್ಲ. ಆದರೂ ಅಜ್ಜಿ ದಿನಕ್ಕೆ ಹತ್ತು ಸಲ ಚೆಲುವಿಯನ್ನು ಕರೆದರೆ, ಇಪ್ಪತ್ತು ಸಲ ಚೊಂಬನ್ನು ಕೇಳುತ್ತಿದ್ದಳು.

"ಎಲ್ಲಿ ನನ್ನ ಚೊಂಬು?"

ಹಿತ್ತಾಳೆ ಚೊಂಬು. ಅಜ್ಜಿ ತವರಿಂದ ತಂದದ್ದು. ಹೊಟ್ಟೆ ದುಂಡಗೆ. ಕತ್ತು ಸಣ್ಣಗೆ. ಹುಣಸೆಹಣ್ಣು ಹಾಕಿ ತಿಕ್ಕಿದರೆ ಫಳಫಳ. ಅಜ್ಜಿ ನೀರು ಕುಡಿದರೆ ಅದರಲ್ಲೇ. ಇನ್ನೊಂದರಲ್ಲಿ ಇಲ್ಲ.

"ಸ್ಟೀಲ್ ಲೋಟದಲ್ಲಿ ಕುಡಿ ಅಜ್ಜಿ," ಅಂದರೆ ಅಜ್ಜಿ ಏನನ್ನುತ್ತಿದ್ದಳು ಗೊತ್ತಾ?

"ಸ್ಟೀಲ್ ಲೋಟದ ನೀರು ಗಂಟಲಲ್ಲಿ ಇಳಿಯಲ್ಲ ಕಣೆ. ಹಲ್ಲು ನೋಡಿಕೊಂಡು ವಾಪಸ್ ಬರುತ್ತೆ."

ಒಂದು ದಿನ ಬೆಳಗ್ಗೆ ಅಜ್ಜಿ ಅಕ್ಕಿರೊಟ್ಟಿ ತಿನ್ನುತ್ತಿದ್ದಳು. ಜೊತೆಗೆ ಹುಚ್ಚೆಳ್ಳು ಚಟ್ನಿ. ಚಟ್ನಿ ಖಾರ. ಬಹಳ ಖಾರ.

ಆಗ ಪಕ್ಕದ ಮನೆ ಸಾಕಕ್ಕ ಬಂದಳು. ಸಾಕಕ್ಕನ ಮನೆಯಲ್ಲಿ ಹಸು ಉಂಟು. ಹಾಲು ಉಂಟು. ಆವತ್ತು ಹೆಪ್ಪು ಮಾತ್ರ ಇರಲಿಲ್ಲ. ಹಾಲು ಮೊಸರಾಗಬೇಕಾದರೆ ಅದಕ್ಕೆ ಒಂದು ಚಮಚ ಹಳೇ ಮೊಸರು ಹಾಕಬೇಕಲ್ಲ, ಅದೇ ಹೆಪ್ಪು.

"ಅಜ್ಜಿ, ಒಂದು ಚಮಚ ಹೆಪ್ಪು ಕೊಡಿ."

"ಇವತ್ತು ಯಾವ ವಾರ ಸಾಕಿ?"

"ಮಂಗಳವಾರ."

"ಗೊತ್ತಿದ್ದೂ ಕೇಳ್ತೀಯಲ್ಲ. ಇವತ್ತು ಮಂಗಳವಾರ. ಬರೋದು ಬರಲಿ. ಹೋಗೋದು ಹೋಗಬಾರದು."

ಸಾಕಕ್ಕ ಬರೀ ಬಟ್ಟಲು ಹಿಡಿದುಕೊಂಡು ಹೋದಳು. ಅಜ್ಜಿ ಬಾಗಿಲು ಹಾಕಿಕೊಂಡಳು. ಮಂಗಳವಾರ ಮನೆಯ ಒಳ್ಳೇದೆಲ್ಲ ಒಳಗೇ ಇರಬೇಕು. ಆ ಊರಲ್ಲಿ ಎಲ್ಲರೂ ಹಾಗೇ ಅನ್ನುತ್ತಿದ್ದರು.

ಬಾಗಿಲು ಹಾಕಿದ್ದೇ ತಡ, ಖಾರ ಅಜ್ಜಿಯ ನೆತ್ತಿಗೆ ಹತ್ತಿತು.

"ಚೆಲುವಿ, ನೀರು. ಬೇಗ."

ಮನೆಯ ಕೊಡ ನೋಡಿದರೆ ಖಾಲಿ. ಚೆಲುವಿ ಚೊಂಬು ತೆಗೆದುಕೊಂಡು ಬಾವಿಗೆ ಓಡಿದಳು. ಬಾವಿಯ ಬಕೆಟ್ಟು ಭಾರ. ಅದನ್ನು ಸೇದಲು ಅವಳಿಗೆ ಆಗದು. ಅದಕ್ಕೆ ಹಗ್ಗವನ್ನು ಚೊಂಬಿನ ಕತ್ತಿಗೇ ಕಟ್ಟಿದಳು. ಅವಳಿಗೆ ಗೊತ್ತಿದ್ದದ್ದು ಒಂದೇ ಗಂಟು. ಜಡೆಯ ರಿಬ್ಬನ್ನಿಗೆ ಹಾಕುವ ಗಂಟು. ಹೂವಿನ ಹಾಗಿರುತ್ತದಲ್ಲ, ಅದು.

ಗಂಟು ಚೆನ್ನಾಗಿ ಕಾಣುತ್ತಿತ್ತು. ಚೊಂಬು ಇಳಿಯಿತು. ಇನ್ನೂ ಇಳಿಯಿತು. ಹೂವು ಬಿಚ್ಚಿಕೊಂಡಿತು.

ಗುಳುಂ.

ಹಗ್ಗ ಮೇಲೆ ಬಂತು. ಚೊಂಬು ಬರಲಿಲ್ಲ.

ಅಜ್ಜಿ ಜಗಲಿಗೆ ಬಂದು ಕೂತಿದ್ದಳು.

"ಎಲ್ಲಿ ನನ್ನ ಚೊಂಬು?"

"ಬಾವೀಲಿದೆ ಅಜ್ಜಿ."

"ನೀರು?"

"ಅದೂ ಬಾವೀಲೇ ಇದೆ."

ಅಜ್ಜಿ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಅಜ್ಜಿ ಸುಮ್ಮನೆ ಬಾವಿಯ ಕಡೆ ನೋಡಿದಳು. ಆಮೇಲೆ ಕೆಮ್ಮಿದಳು. ಕೊಹ್. ಕೊಹ್.

"ಚೊಂಬು ಬರಲಿ. ಆಮೇಲೆ ನೀರು ಕುಡೀತೀನಿ," ಅಂದಳು.

"ನಾನು ತರ್ತೀನಿ ಅಜ್ಜಿ," ಅಂದಳು ಚೆಲುವಿ.

ಚೆಲುವಿ ಓಡಿದಳು. ಯಾರ ಹತ್ತಿರ ಓಡಿದಳು? ಕಮ್ಮಾರ ಕಾಳಾಚಾರಿ ತಾತನ ಹತ್ತಿರ. ತಾತನ ಕುಲುಮೆಯ ಗೋಡೆಗೆ ಪಾತಾಳಗರಡಿ ನೇತುಹಾಕಿತ್ತು. ಪಾತಾಳಗರಡಿ ಅಂದರೆ ಕಬ್ಬಿಣದ ಕೊಕ್ಕೆಗಳ ಗೊಂಚಲು. ಹಗ್ಗ ಕಟ್ಟಿ ಬಾವಿಗೆ ಇಳಿಸಿದರೆ, ಒಳಗೆ ಬಿದ್ದದ್ದು ಕೊಕ್ಕೆಗೆ ಸಿಕ್ಕಿ ಮೇಲೆ ಬರುತ್ತದೆ. ಇಡೀ ಊರಿಗೆ ಇದ್ದದ್ದು ಅದೊಂದೇ.

"ತಾತ, ತಾತ, ಪಾತಾಳಗರಡಿ ಕೊಡು.
ಪಾತಾಳಗರಡಿ ಇಳಿದರೆ ಚೊಂಬು ಬರುತ್ತೆ.
ಚೊಂಬು ಬಂದರೆ ಅಜ್ಜಿ ನೀರು ಕುಡೀತಾಳೆ."

ಆಗ ತಾತನ ಮನೆಯೊಳಗಿಂದ ಯಾರೋ ಟೀ ತಂದುಕೊಟ್ಟರು. ತಾತ ಟೀ ತಗೊಂಡ. ಕುಡಿದ. ಮೀಸೆ ಒರೆಸಿಕೊಂಡ. ಆಮೇಲೆ ಅಂದ:

"ಇವತ್ತು ಮಂಗಳವಾರ ಮಗ. ಬರೋದು ಬರಲಿ. ಹೋಗೋದು ಹೋಗಬಾರದು."

"ಮಂಗಳ ಅಂದ್ರೆ ಏನು ತಾತ?"

"ಆಕಾಶದಲ್ಲಿ ಒಂದು ಚುಕ್ಕಿ ಐತೆ. ಅದರ ಹೆಸರು ಮಂಗಳ. ಕಾದ ಕಬ್ಬಿಣದ ಹಂಗೆ ಕೆಂಪಗಿರುತ್ತೆ. ಈ ವಾರ ಅದರದ್ದು."

"ಅದಕ್ಕೆ ಪಾತಾಳಗರಡಿ ಬೇಕಾ?"

"ಅದಕ್ಕೆ ಯಾಕೆ?"

"ಮತ್ತೆ ನಮಗೆ ಕೊಡು."

ತಾತ ಗಡ್ಡ ಕೆರೆದುಕೊಂಡ. "ಮೊದಲು ಏನಾದ್ರೂ ಬರಬೇಕು. ಆಮೇಲೆ ಹೋಗಬಹುದು. ನೋಡು, ಕುಲುಮೆ ತಣ್ಣಗಾಗೈತೆ. ಒಂದು ಚೀಲ ಇದ್ದಿಲು ತಗೊಂಡು ಬಾ. ಪಾತಾಳಗರಡಿ ಕೊಡ್ತೀನಿ."

ಜಗಲಿ ಮೇಲೆ ಅಜ್ಜಿ ಕೆಮ್ಮಿದಳು. ಕೊಹ್. ಕೊಹ್.

ಚೆಲುವಿ ಓಡಿದಳು. ಯಾರ ಹತ್ತಿರ ಓಡಿದಳು? ಇಸ್ತ್ರಿ ಅಂಗಡಿ ಮಾದಣ್ಣನ ಹತ್ತಿರ. ಮಾದಣ್ಣ ಇದ್ದಿಲು ಹಾಕಿ ಇಸ್ತ್ರಿಪೆಟ್ಟಿಗೆ ಕಾಯಿಸುತ್ತಿದ್ದ. ಅಂಗಡಿ ಮುಂದೆ ಸ್ಕೂಲಿನ ಮೇಷ್ಟ್ರು ನಿಂತಿದ್ದರು. ಬರೀ ಬನಿಯನ್ನಿನಲ್ಲಿ ನಿಂತಿದ್ದರು.

"ನನ್ನ ಅಂಗಿ ನಂದೇ ಅಲ್ವೇನಯ್ಯ?" ಅನ್ನುತ್ತಿದ್ದರು ಮೇಷ್ಟ್ರು.

"ಅಂಗಿ ನಿಮ್ದೇ ಸಾರ್. ವಾರ ಮಂಗಳವಾರ," ಅನ್ನುತ್ತಿದ್ದ ಮಾದಣ್ಣ.

ಚೆಲುವಿ ನಡುವೆ ನುಗ್ಗಿದಳು.

"ಮಾದಣ್ಣ, ಮಾದಣ್ಣ, ಒಂದು ಚೀಲ ಇದ್ದಿಲು ಕೊಡಿ.
ಇದ್ದಿಲು ಕೊಟ್ಟರೆ ತಾತ ಪಾತಾಳಗರಡಿ ಕೊಡ್ತಾರೆ.
ಪಾತಾಳಗರಡಿ ಇಳಿದರೆ ಚೊಂಬು ಬರುತ್ತೆ.
ಚೊಂಬು ಬಂದರೆ ಅಜ್ಜಿ ನೀರು ಕುಡೀತಾಳೆ."

"ಇವತ್ತು ಮಂಗಳವಾರ ಪುಟ್ಟಿ. ಬರೋದು ಬರಲಿ. ಹೋಗೋದು ಹೋಗಬಾರದು."

"ಮಂಗಳ ಅಂದ್ರೆ ಏನು ಮಾದಣ್ಣ?"

"ಅಷ್ಟೂ ಗೊತ್ತಿಲ್ವಾ? ಮದುವೆ ಮನೇಲಿ ಮಂಗಳವಾದ್ಯ ಊದ್ತಾರೆ. ಮಂಗಳಸೂತ್ರ ಕಟ್ತಾರೆ. ಮಂಗಳ ಅಂದ್ರೆ ಒಳ್ಳೇದು."

"ಹಂಗಾದ್ರೆ ಇವತ್ತು ತುಂಬಾ ಮದುವೆ ಇರಬೇಕು."

"ಛೆ ಛೆ. ಮಂಗಳವಾರ ಯಾರಾದ್ರೂ ಮದುವೆ ಮಾಡ್ತಾರಾ?"

ಚೆಲುವಿ ಮೇಷ್ಟ್ರ ಮುಖ ನೋಡಿದಳು. ಮೇಷ್ಟ್ರು ಆಕಾಶ ನೋಡಿದರು.

"ಮೊದಲು ಏನಾದ್ರೂ ಬರಬೇಕು," ಅಂದ ಮಾದಣ್ಣ. "ಈ ಅಂಗಿಗೆ ಹಾಕೋಕೆ ಗಂಜಿ ಇಲ್ಲ. ಒಂದು ಡಬ್ಬಿ ಗಂಜಿ ತಗೊಂಡು ಬಾ. ಇದ್ದಿಲು ಕೊಡ್ತೀನಿ."

ಜಗಲಿ ಮೇಲೆ ಅಜ್ಜಿ ಕೆಮ್ಮಿದಳು. ಕೊಹ್. ಕೊಹ್.

ಚೆಲುವಿ ಓಡಿದಳು. ಯಾರ ಹತ್ತಿರ ಓಡಿದಳು? ಹೋಟ್ಲು ನಂಜತ್ತೆಯ ಹತ್ತಿರ. ನಂಜತ್ತೆ ದೊಡ್ಡ ಪಾತ್ರೆಯಲ್ಲಿ ಅನ್ನ ಬಸಿಯುತ್ತಿದ್ದಳು. ಗಂಜಿ ಹಬೆಯಾಡುತ್ತಿತ್ತು. ಬೆಂಚಿನ ಮೇಲೆ ಊಟಕ್ಕೆ ಕೂತವರು ಕೂತೇ ಇದ್ದರು.

"ನಂಜತ್ತೆ, ನಂಜತ್ತೆ, ಒಂದು ಡಬ್ಬಿ ಗಂಜಿ ಕೊಡಿ.
ಗಂಜಿ ಕೊಟ್ಟರೆ ಮಾದಣ್ಣ ಇದ್ದಿಲು ಕೊಡ್ತಾರೆ.
ಇದ್ದಿಲು ಕೊಟ್ಟರೆ ತಾತ ಪಾತಾಳಗರಡಿ ಕೊಡ್ತಾರೆ.
ಪಾತಾಳಗರಡಿ ಇಳಿದರೆ ಚೊಂಬು ಬರುತ್ತೆ.
ಚೊಂಬು ಬಂದರೆ ಅಜ್ಜಿ ನೀರು ಕುಡೀತಾಳೆ."

"ದಿನಾ ಈ ಗಂಜಿ ಮೋರಿಗೇ ಹೋಗೋದು ಕಣಮ್ಮ," ಅಂದಳು ನಂಜತ್ತೆ. "ಆದರೆ ಇವತ್ತು ಮಂಗಳವಾರ. ಬರೋದು ಬರಲಿ. ಹೋಗೋದು ಹೋಗಬಾರದು."

"ಮಂಗಳ ಅಂದ್ರೆ ಏನು ಅತ್ತೆ?"

"ಮಂಗಳಾರತಿ. ದೇವರಿಗೆ ಎತ್ತುತ್ತಾರೆ. ತಪ್ಪು ಮಾಡಿದ ಮಕ್ಕಳಿಗೂ ಎತ್ತುತ್ತಾರೆ. ಚೊಂಬು ಬಾವಿಗೆ ಹಾಕಿದ್ದೀಯಲ್ಲ, ಸಂಜೆ ನಿಮ್ಮವ್ವ ಗದ್ದೆಯಿಂದ ಬರಲಿ. ಆಗ ಗೊತ್ತಾಗುತ್ತೆ ಮಂಗಳಾರತಿ ಅಂದ್ರೆ ಏನು ಅಂತ."

ಚೆಲುವಿಗೆ ಅಳು ಬಂತು. ಅವಳು ಅದನ್ನು ನುಂಗಿಕೊಂಡಳು.

ನಂಜತ್ತೆ ಸೌಟು ಕೆಳಗಿಟ್ಟಳು. "ಅಳಬೇಡ. ಮೊದಲು ಏನಾದ್ರೂ ಬರಬೇಕು, ಅಷ್ಟೇ. ಅನ್ನ ಐತೆ, ಸಾರು ಐತೆ. ಬಡಿಸೋಕೆ ಎಲೆ ಇಲ್ಲ. ಒಂದು ಕಟ್ಟು ಬಾಳೆಲೆ ತಗೊಂಡು ಬಾ. ಗಂಜಿ ಕೊಡ್ತೀನಿ."

ಜಗಲಿ ಮೇಲೆ ಅಜ್ಜಿ ಕೆಮ್ಮಿದಳು. ಕೊಹ್. ಕೊಹ್. ಕೊಹ್.

ಚೆಲುವಿ ಓಡಿದಳು. ಯಾರ ಹತ್ತಿರ ಓಡಿದಳು? ಬಾಳೆತೋಟದ ಸಿದ್ದಮಾವನ ಹತ್ತಿರ. ಸಿದ್ದಮಾವ ಕನ್ನಡಿ ಮುಂದೆ ಕೂತಿದ್ದ. ಅವನ ಒಂದು ಕೆನ್ನೆ ನುಣ್ಣಗಿತ್ತು. ಇನ್ನೊಂದು ಕೆನ್ನೆ ತುಂಬ ಗಡ್ಡ ಇತ್ತು.

"ಇದೇನು ಮಾವ?"

"ಅರ್ಧ ಬೋಳಿಸಿದೆ ಕಣೇ. ಆಮೇಲೆ ನೆನಪಾಯ್ತು, ಇವತ್ತು ಮಂಗಳವಾರ ಅಂತ. ಮಂಗಳವಾರ ಗಡ್ಡ ತೆಗೀಬಾರದು. ಇನ್ನರ್ಧ ನಾಳೆ."

ಚೆಲುವಿ ನುಣ್ಣಗಿದ್ದ ಕೆನ್ನೆಯ ಕಡೆ ಹೋಗಿ ನಿಂತಳು. ಆ ಕಡೆ ಮಾವ ಸ್ವಲ್ಪ ಒಳ್ಳೆಯವನ ಹಾಗೆ ಕಾಣುತ್ತಿದ್ದ.

"ಸಿದ್ದಮಾವ, ಸಿದ್ದಮಾವ, ಒಂದು ಕಟ್ಟು ಬಾಳೆಲೆ ಕೊಡಿ.
ಬಾಳೆಲೆ ಕೊಟ್ಟರೆ ನಂಜತ್ತೆ ಗಂಜಿ ಕೊಡ್ತಾರೆ.
ಗಂಜಿ ಕೊಟ್ಟರೆ ಮಾದಣ್ಣ ಇದ್ದಿಲು ಕೊಡ್ತಾರೆ.
ಇದ್ದಿಲು ಕೊಟ್ಟರೆ ತಾತ ಪಾತಾಳಗರಡಿ ಕೊಡ್ತಾರೆ.
ಪಾತಾಳಗರಡಿ ಇಳಿದರೆ ಚೊಂಬು ಬರುತ್ತೆ.
ಚೊಂಬು ಬಂದರೆ ಅಜ್ಜಿ ನೀರು ಕುಡೀತಾಳೆ."

"ಎಲೆ ಏನೋ ನಿನ್ನೇನೇ ಕೊಯ್ದಿಟ್ಟಿದೀನಿ," ಅಂದ ಸಿದ್ದಮಾವ. "ಆದರೆ ಇವತ್ತು ಮಂಗಳವಾರ. ಬರೋದು ಬರಲಿ. ಹೋಗೋದು ಹೋಗಬಾರದು."

"ಮಂಗಳ ಅಂದ್ರೆ ಏನು ಮಾವ?"

"ಭಜನೆ ಕೊನೇಲಿ ಮಂಗಳ ಹಾಡಲ್ವಾ? ಮಂಗಳ ಹಾಡಿದ್ರು ಅಂದ್ರೆ ಮುಗೀತು ಅಂತ. ಎದ್ದು ಮನೆಗೆ ಹೋಗಬೇಕು."

"ದಿನ ಈಗ ತಾನೇ ಶುರುವಾಗಿದೆಯಲ್ಲ ಮಾವ."

"ಅದು ನಂಗೊತ್ತಿಲ್ಲ. ಮೊದಲು ಏನಾದ್ರೂ ಬರಬೇಕು. ಬಾಳೆಬುಡಕ್ಕೆ ಗೊಬ್ಬರ ಬೇಕು. ಒಂದು ಮಂಕರಿ ಸಗಣಿ ತಗೊಂಡು ಬಾ. ಬಾಳೆಲೆ ಕೊಡ್ತೀನಿ."

ಜಗಲಿ ಮೇಲೆ ಅಜ್ಜಿ ಕೆಮ್ಮಿದಳು. ಕೊಹ್. ಕೊಹ್. ಕೊಹ್. ಕೊಹ್.

ಚೆಲುವಿ ಓಡಿದಳು. ಯಾರ ಹತ್ತಿರ ಓಡಿದಳು? ಪಕ್ಕದ ಮನೆ ಸಾಕಕ್ಕನ ಹತ್ತಿರ. ಸಾಕಕ್ಕ ಕೊಟ್ಟಿಗೆ ಬಾಗಿಲಲ್ಲಿ ಕೂತಿದ್ದಳು. ಮುಂದೆ ಒಂದು ಪಾತ್ರೆ ಹಾಲು. ಕಾಯಿಸಿದ ಹಾಲು. ಆರಿದ ಹಾಲು. ಸಾಕಕ್ಕ ಅದರ ಮೇಲಿನ ನೊಣ ಓಡಿಸುತ್ತಿದ್ದಳು.

"ಸಾಕಕ್ಕ, ಸಾಕಕ್ಕ, ಒಂದು ಮಂಕರಿ ಸಗಣಿ ಕೊಡಿ.
ಸಗಣಿ ಕೊಟ್ಟರೆ ಸಿದ್ದಮಾವ ಬಾಳೆಲೆ ಕೊಡ್ತಾರೆ.
ಬಾಳೆಲೆ ಕೊಟ್ಟರೆ ನಂಜತ್ತೆ ಗಂಜಿ ಕೊಡ್ತಾರೆ.
ಗಂಜಿ ಕೊಟ್ಟರೆ ಮಾದಣ್ಣ ಇದ್ದಿಲು ಕೊಡ್ತಾರೆ.
ಇದ್ದಿಲು ಕೊಟ್ಟರೆ ತಾತ ಪಾತಾಳಗರಡಿ ಕೊಡ್ತಾರೆ.
ಪಾತಾಳಗರಡಿ ಇಳಿದರೆ ಚೊಂಬು ಬರುತ್ತೆ.
ಚೊಂಬು ಬಂದರೆ ಅಜ್ಜಿ ನೀರು ಕುಡೀತಾಳೆ."

"ಇವತ್ತು ಮಂಗಳವಾರ," ಅಂದಳು ಸಾಕಕ್ಕ. "ಸಗಣಿ ಅಂದ್ರೆ ಲಕ್ಷ್ಮಿ. ಬರೋದು ಬರಲಿ. ಹೋಗೋದು ಹೋಗಬಾರದು."

ಸಾಕಕ್ಕನ ಹಸುವಿಗೆ ಮಂಗಳವಾರ ಗೊತ್ತಿರಲಿಲ್ಲ. ಅದು ಬಾಲ ಎತ್ತಿತು. ಪಚಕ್ಕನೆ ಇನ್ನೊಂದಿಷ್ಟು ಹಾಕಿತು.

"ಮಂಗಳ ಅಂದ್ರೆ ಏನು ಸಾಕಕ್ಕ?"

"ನನ್ನನ್ನ ಯಾಕೆ ಕೇಳ್ತೀಯ? ನಿಮ್ಮಜ್ಜಿ ಬಾಗಿಲು ಹಾಕ್ಕೊಳ್ಳೋ ದಿನಕ್ಕೆ ಮಂಗಳವಾರ ಅಂತಾರೆ." ಸಾಕಕ್ಕ ಹಾಲಿನ ಪಾತ್ರೆ ತೋರಿಸಿದಳು. "ಬೆಳಗ್ಗೆ ನಿಮ್ಮನೆಗೇ ಬಂದಿದ್ದೆ. ಒಂದು ಚಮಚ ಕೇಳಿದೆ. ಒಂದೇ ಒಂದು ಚಮಚ. ಹೆಪ್ಪಿಲ್ಲದೆ ಈ ಹಾಲು ಕೆಡ್ತಾ ಕೂತೈತೆ. ಹೋಗು, ಹೆಪ್ಪು ತಗೊಂಡು ಬಾ. ಸಗಣಿ ಕೊಡ್ತೀನಿ. ನಿಮ್ಮಜ್ಜಿ ಕೊಟ್ಟರೆ ತಾನೇ."

ಚೆಲುವಿ ಈ ಸಲ ಓಡಲಿಲ್ಲ. ಮೆಲ್ಲಗೆ ನಡೆದಳು. ಯಾರ ಹತ್ತಿರ ನಡೆದಳು? ತನ್ನ ಅಜ್ಜಿಯ ಹತ್ತಿರ.

ಅಜ್ಜಿ ಜಗಲಿ ಮೇಲೆ ಕಂಬಕ್ಕೆ ಒರಗಿದ್ದಳು. ತುಟಿ ಒಣಗಿತ್ತು. ಕೆಮ್ಮಲೂ ಈಗ ಶಕ್ತಿ ಇರಲಿಲ್ಲ.

"ಚೊಂಬು ಸಿಕ್ತಾ?"

ಚೆಲುವಿ ಅಂಗಳದಲ್ಲೇ ನಿಂತು ಹೇಳಿದಳು:

"ಅಜ್ಜಿ, ಅಜ್ಜಿ, ಒಂದು ಚಮಚ ಹೆಪ್ಪು ಕೊಡು.
ಹೆಪ್ಪು ಕೊಟ್ಟರೆ ಸಾಕಕ್ಕ ಸಗಣಿ ಕೊಡ್ತಾರೆ.
ಸಗಣಿ ಕೊಟ್ಟರೆ ಸಿದ್ದಮಾವ ಬಾಳೆಲೆ ಕೊಡ್ತಾರೆ.
ಬಾಳೆಲೆ ಕೊಟ್ಟರೆ ನಂಜತ್ತೆ ಗಂಜಿ ಕೊಡ್ತಾರೆ.
ಗಂಜಿ ಕೊಟ್ಟರೆ ಮಾದಣ್ಣ ಇದ್ದಿಲು ಕೊಡ್ತಾರೆ.
ಇದ್ದಿಲು ಕೊಟ್ಟರೆ ತಾತ ಪಾತಾಳಗರಡಿ ಕೊಡ್ತಾರೆ.
ಪಾತಾಳಗರಡಿ ಇಳಿದರೆ ಚೊಂಬು ಬರುತ್ತೆ.
ಚೊಂಬು ಬಂದರೆ ನೀನು ನೀರು ಕುಡೀತೀಯ."

ಅಜ್ಜಿ ಎಲ್ಲ ಕೇಳಿದಳು. ಆದರೂ ಬಾಯಿಗೆ ಅಭ್ಯಾಸ.

"ಇವತ್ತು ಮಂಗಳವಾರ," ಅಂದಳು. "ಬರೋದು ಬರಲಿ. ಹೋಗೋದು..."

ಗಂಟಲು ಹಿಡಿದುಕೊಂಡಿತು. ಮುಂದಿನ ಮಾತು ಬರಲಿಲ್ಲ.

"ಮಂಗಳ ಅಂದ್ರೆ ಏನು ಅಜ್ಜಿ?"

"ಒಳ್ಳೇದಾಗಲಿ ಅಂತ."

"ಯಾರಿಗೆ?"

ಅಜ್ಜಿ ಯೋಚಿಸಿದಳು.

"ಅದನ್ನ ನಮ್ಮವ್ವ ನಂಗೆ ಹೇಳಲಿಲ್ಲ."

"ಬೆಳಗ್ಗೆ ನಾವು ಹೆಪ್ಪು ಕೊಡಲಿಲ್ಲ," ಅಂದಳು ಚೆಲುವಿ. "ಬಾಗಿಲು ಹಾಕ್ಕೊಂಡ್ವಿ. ಆದರೂ ಚೊಂಬು ಹೋಯ್ತಲ್ಲ ಅಜ್ಜಿ. ಮಂಗಳವಾರಾನೇ ಹೋಯ್ತು."

"ನಿನ್ನ ಗಂಟಿನ ಚಂದಕ್ಕೆ ಹೋಯ್ತು," ಅಂದಳು ಅಜ್ಜಿ. ಆಮೇಲೆ ಸಣ್ಣಗೆ ಅಂದಳು, "ಹೋಗಲಿ ಅಂದ್ರೂ, ಮೊದಲು ಮನೆಗೆ ಏನಾದ್ರೂ ಬರಬೇಕಲ್ಲೇ."

ಚೆಲುವಿ ತನ್ನ ಕೈ ನೋಡಿಕೊಂಡಳು. ಎರಡು ಕೈಯೂ ಖಾಲಿ. ಜೇಬು ನೋಡಿಕೊಂಡಳು. ಜೇಬೂ ಖಾಲಿ. ಅವಳು ಬೀದಿಯವರೆಗೆ ಹಿಂದಕ್ಕೆ ಹೋದಳು. ತಿರುಗಿ ಬಂದಳು. ಅಂಗಳ ದಾಟಿದಳು. ಜಗಲಿ ಹತ್ತಿದಳು. ಬಲಗಾಲಿಟ್ಟು ಹೊಸ್ತಿಲು ದಾಟಿದಳು.

"ನಾನು ಬಂದೆ ಅಜ್ಜಿ."

ಅಜ್ಜಿ ನೋಡಿದಳು. ಕಾಲು ತುಂಬ ಧೂಳು. ಲಂಗಕ್ಕೆ ಸಗಣಿ. ಒಂದು ರಿಬ್ಬನ್ನು ಬಿಚ್ಚಿ ಎಲ್ಲೋ ಬಿದ್ದುಹೋಗಿತ್ತು.

"ಬಂದ್ಯಾ?"

"ಬಂದೆ."

"ಬರೋದು ಬಂತಲ್ಲ," ಅಂದಳು ಅಜ್ಜಿ. "ಹಂಗಾದ್ರೆ ಹೋಗೋದು ಹೋಗಲಿ."

ಕಂಬ ಹಿಡಿದು ಎದ್ದಳು. ಮೊಸರಿನ ಗಡಿಗೆ ತೆಗೆದಳು. ಒಂದು ಚಮಚ ಹೆಪ್ಪು ಬಟ್ಟಲಿಗೆ ಹಾಕಿದಳು. ಚೆಲುವಿಯ ಮುಖ ನೋಡಿ ಇನ್ನೊಂದು ಚಮಚ ಹಾಕಿದಳು.

ಈಗ ಚೆಲುವಿ ಓಡಿದಳು.

ಸಾಕಕ್ಕನ ಮನೆಗೆ ಹೆಪ್ಪು ಬಂತು. ಸಾಕಕ್ಕ ಬಟ್ಟಲು ನೋಡಿದಳು. "ಎರಡು ಚಮಚ ಐತೆ," ಅಂದಳು. ಮಂಕರಿ ತುಂಬ ಸಗಣಿ ತುಂಬಿದಳು. ಹಸು ಇನ್ನೊಂದಿಷ್ಟು ಕೊಟ್ಟಿತು.

ಹೆಪ್ಪು ಬಂತು, ಸಗಣಿ ಹೋಯ್ತು.

ಸಿದ್ದಮಾವನ ತೋಟಕ್ಕೆ ಸಗಣಿ ಬಂತು. ಸಿದ್ದಮಾವ ಎಲೆಯ ಕಟ್ಟು ತಂದು ಚೆಲುವಿಯ ತಲೆ ಮೇಲೆ ಇಟ್ಟ. ಎಲೆ ಕೆಳಗೆ ಚೆಲುವಿ ಕಾಣಲೇ ಇಲ್ಲ. ಬಾಳೆಲೆಗೇ ಎರಡು ಕಾಲು ಬಂದು ಓಡಿದ ಹಾಗಿತ್ತು.

ಹೆಪ್ಪು ಬಂತು, ಸಗಣಿ ಹೋಯ್ತು.
ಸಗಣಿ ಬಂತು, ಬಾಳೆಲೆ ಹೋಯ್ತು.

ನಂಜತ್ತೆಯ ಹೋಟ್ಲಿಗೆ ಬಾಳೆಲೆ ಬಂತು. ಬೆಂಚಿನ ಮೇಲಿದ್ದವರೆಲ್ಲ ನೆಟ್ಟಗೆ ಕೂತರು. ನಂಜತ್ತೆ ಡಬ್ಬಿಗೆ ಗಂಜಿ ಹಾಕಿದಳು. "ಬಿಸಿ ಐತೆ, ಬಟ್ಟೆ ಸುತ್ತಿ ಹಿಡ್ಕೊ," ಅಂದಳು.

ಹೆಪ್ಪು ಬಂತು, ಸಗಣಿ ಹೋಯ್ತು.
ಸಗಣಿ ಬಂತು, ಬಾಳೆಲೆ ಹೋಯ್ತು.
ಬಾಳೆಲೆ ಬಂತು, ಗಂಜಿ ಹೋಯ್ತು.

ಮಾದಣ್ಣನ ಅಂಗಡಿಗೆ ಗಂಜಿ ಬಂತು. ಮೇಷ್ಟ್ರು ಇನ್ನೂ ಬನಿಯನ್ನಿನಲ್ಲೇ ನಿಂತಿದ್ದರು. ಅಂಗಿ ಗಂಜಿಯಲ್ಲಿ ಮುಳುಗಿತು. "ಇನ್ನು ಒಣಗಬೇಕು ಸಾರ್," ಅಂದ ಮಾದಣ್ಣ. ಮೇಷ್ಟ್ರು ಹಾಗೇ ಚೆಲುವಿಯ ಹಿಂದೆ ಹೊರಟರು. ಇದ್ದಿಲ ಚೀಲ ಅವರೇ ಹೊತ್ತರು.

ಹೆಪ್ಪು ಬಂತು, ಸಗಣಿ ಹೋಯ್ತು.
ಸಗಣಿ ಬಂತು, ಬಾಳೆಲೆ ಹೋಯ್ತು.
ಬಾಳೆಲೆ ಬಂತು, ಗಂಜಿ ಹೋಯ್ತು.
ಗಂಜಿ ಬಂತು, ಇದ್ದಿಲು ಹೋಯ್ತು.

ಕಾಳಾಚಾರಿ ತಾತನ ಕುಲುಮೆಗೆ ಇದ್ದಿಲು ಬಂತು. ತಾತ ಗೋಡೆಯಿಂದ ಪಾತಾಳಗರಡಿ ಇಳಿಸಿದ. "ಗಂಟು ನಾನು ಹಾಕ್ತೀನಿ," ಅಂದ. "ನಿನ್ನ ಗಂಟು ತಲೆಗೇ ಇರಲಿ."

ತಾತ ಬಾವಿ ಕಡೆ ನಡೆದ. ಅವನ ಹಿಂದೆ ಚೆಲುವಿ. ಅವಳ ಹಿಂದೆ ಮೇಷ್ಟ್ರು. ಅವರ ಹಿಂದೆ ಮಾದಣ್ಣ. ಅವನ ಹಿಂದೆ ನಂಜತ್ತೆ. ಅವಳ ಹಿಂದೆ ಅರ್ಧ ಗಡ್ಡದ ಸಿದ್ದಮಾವ. ಅವನ ಹಿಂದೆ ಸಾಕಕ್ಕ. ಜಗಲಿಯಲ್ಲಿ ಅಜ್ಜಿ ಕತ್ತು ಚಾಚಿ ಕೂತಿದ್ದಳು.

ಪಾತಾಳಗರಡಿ ಇಳಿಯಿತು. ಮೇಲೆ ಬಂತು. ಏನು ಬಂತು? ಪಾಚಿ ಬಂತು.

ಪಾತಾಳಗರಡಿ ಇಳಿಯಿತು. ಮೇಲೆ ಬಂತು. ಏನು ಬಂತು? ಒಂದು ತುಕ್ಕು ಹಿಡಿದ ಸೌಟು ಬಂತು.

"ನಂದು," ಅಂದಳು ನಂಜತ್ತೆ. "ಹೋದ ವರ್ಷ ಕಳೆದಿತ್ತು. ಸಾಕಿ ತಗೊಂಡಳು ಅಂತಿದ್ದೆ."

"ನಾನಾ?" ಅಂದಳು ಸಾಕಕ್ಕ.

ನಂಜತ್ತೆ ಸೌಟನ್ನು ಸೆರಗಿನ ಹಿಂದೆ ಇಟ್ಟುಕೊಂಡಳು.

ಪಾತಾಳಗರಡಿ ಮೂರನೇ ಸಲ ಇಳಿಯಿತು. ಠಣ್ ಅಂತ ಸದ್ದಾಯಿತು. ಮೆಲ್ಲಗೆ ಮೇಲೆ ಬಂತು. ಏನು ಬಂತು?

ಹೊಟ್ಟೆ ದುಂಡಗೆ. ಕತ್ತು ಸಣ್ಣಗೆ. ಒಳಗೆ ತುಂಬ ತಣ್ಣನೆ ನೀರು.

ಚೊಂಬು ಬಂತು.

ಚೆಲುವಿ ಅದನ್ನು ತೊಳೆದಳು. ತಾತ ಸೇದಿಕೊಟ್ಟ ಬೇರೆ ನೀರು ತುಂಬಿದಳು. ಎರಡು ಕೈಯಲ್ಲಿ ಹಿಡಿದು ಅಜ್ಜಿಗೆ ಕೊಟ್ಟಳು. ಅಜ್ಜಿ ತಲೆ ಎತ್ತಿದಳು. ಗಟಗಟ. ಗಟಗಟ. ಗಟಗಟ. ಊರೆಲ್ಲ ಅಜ್ಜಿಯ ಗಂಟಲನ್ನೇ ನೋಡುತ್ತಿತ್ತು.

"ಹಾ," ಅಂದಳು ಅಜ್ಜಿ.

ತಾತ ಪಾತಾಳಗರಡಿಯನ್ನು ಜಗಲಿ ಮೇಲೆ ಇಟ್ಟು ಬೆವರು ಒರೆಸಿಕೊಳ್ಳುತ್ತಿದ್ದ. ಆಮೇಲೆ ಕೈ ಚಾಚಿದ.

"ಕೊಡು ಮಗ. ಹೊರಡ್ತೀನಿ."

ಚೆಲುವಿ ಪಾತಾಳಗರಡಿ ನೋಡಿದಳು. ತಾತನನ್ನು ನೋಡಿದಳು.

"ಇವತ್ತು ಮಂಗಳವಾರ ತಾತ," ಅಂದಳು. "ಬರೋದು ಬರಲಿ. ಹೋಗೋದು ಹೋಗಬಾರದು."

ತಾತನ ಕೈ ಗಾಳಿಯಲ್ಲೇ ನಿಂತಿತು.

ಮಾದಣ್ಣ ತಾತನನ್ನು ನೋಡಿದ. ಅವನ ಚೀಲ ತಾತನ ಕುಲುಮೆಯಲ್ಲಿತ್ತು. ನಂಜತ್ತೆ ಮಾದಣ್ಣನನ್ನು ನೋಡಿದಳು. ಅವಳ ಡಬ್ಬಿ ಮಾದಣ್ಣನ ಅಂಗಡಿಯಲ್ಲಿತ್ತು. ಸಿದ್ದಮಾವ ನಂಜತ್ತೆಯನ್ನು ನೋಡಿದ. ಎಲೆ ಕಟ್ಟಿದ ಹಗ್ಗ ನಂಜತ್ತೆಯ ಹೋಟ್ಲಿನಲ್ಲಿತ್ತು. ಸಾಕಕ್ಕ ಸಿದ್ದಮಾವನನ್ನು ನೋಡಿದಳು. ಅವಳ ಮಂಕರಿ ಸಿದ್ದಮಾವನ ತೋಟದಲ್ಲಿತ್ತು. ಮೇಷ್ಟ್ರು ತಮ್ಮ ಬನಿಯನ್ನು ನೋಡಿಕೊಂಡರು.

ಯಾರೂ ಏನೂ ಕೇಳಲಿಲ್ಲ. ಕೇಳಿದರೆ ಏನು ಉತ್ತರ ಬರುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು.

ಅಜ್ಜಿಗೆ ನಗು ಬಂತು. ನೀರು ಮೂಗಿಗೆ ಹೋಯಿತು. ಆದರೂ ನಕ್ಕಳು. ನಗುತ್ತಲೇ ಚೊಂಬನ್ನು ಸಾಕಕ್ಕನ ಕಡೆ ನೀಡಿದಳು.

"ಕುಡಿಯೇ ಸಾಕಿ. ಬಿಸಿಲಲ್ಲಿ ನಿಂತಿದ್ದೀಯ."

ಸಾಕಕ್ಕ ಕುಡಿದಳು. ಸಿದ್ದಮಾವ ಕುಡಿದ. ನಂಜತ್ತೆ ಕುಡಿದಳು. ಮಾದಣ್ಣ ಕುಡಿದ. ಮೇಷ್ಟ್ರು ಕುಡಿದರು. ತಾತ ಕುಡಿದ. ಚೊಂಬು ಎಲ್ಲರ ಕೈಗೂ ಹೋಯಿತು. ತಿರುಗಿ ಅಜ್ಜಿಯ ಕೈಗೇ ಬಂತು.

"ಕೊಡೇ ಚೆಲುವಿ, ಪಾಪ," ಅಂದಳು ಅಜ್ಜಿ.

ಚೆಲುವಿ ಕೊಟ್ಟಳು.

ಪಾತಾಳಗರಡಿ ತಾತನ ಮನೆಗೆ ಹೋಯ್ತು. ಚೀಲ ಮಾದಣ್ಣನ ಅಂಗಡಿಗೆ ಹೋಯ್ತು. ಡಬ್ಬಿ ನಂಜತ್ತೆಯ ಹೋಟ್ಲಿಗೆ ಹೋಯ್ತು. ಹಗ್ಗ ಸಿದ್ದಮಾವನ ತೋಟಕ್ಕೆ ಹೋಯ್ತು. ಮಂಕರಿ ಸಾಕಕ್ಕನ ಕೊಟ್ಟಿಗೆಗೆ ಹೋಯ್ತು. ಅಂಗಿ ಸಂಜೆ ಹೊತ್ತಿಗೆ ಮೇಷ್ಟ್ರ ಮೈಮೇಲೆ ಹೋಯ್ತು. ಸಿದ್ದಮಾವನ ಅರ್ಧ ಗಡ್ಡ ಮಾತ್ರ ಬುಧವಾರದವರೆಗೂ ಎಲ್ಲಿಗೂ ಹೋಗಲಿಲ್ಲ.

ಚೊಂಬು ಅಜ್ಜಿಯ ತಲೆದೆಸೆಯಲ್ಲಿ ಇತ್ತು. ಫಳಫಳ.

ಈ ಕತೆ ಇವತ್ತು ನಿಮ್ಮ ಮನೆಗೆ ಬಂತು. ಯಾವ ವಾರ ಅಂತ ನೋಡಬೇಡಿ. ಬರೋದು ಬಂತಲ್ಲ, ಪಕ್ಕದ ಮನೆಗೂ ಹೋಗಲಿ.